ಹೊಸ ಹುಡುಗನ ಹಣ ಮಾತ್ರ ಎರಡು ಸಲ ಎಣಿಸುವುದೇಕೆ?

ಓದುಗರ ಪ್ರಶ್ನೆ, ಮಂಗಳೂರಿನ ನಿವೃತ್ತ ಮನಃಶಾಸ್ತ್ರ ಅಧ್ಯಾಪಕಿಯ ಉತ್ತರ

ಕಳೆದ ಸಂಚಿಕೆಯಲ್ಲಿ ಸಿಟ್ಟಿನ ಬಗ್ಗೆ ಬರೆದಿದ್ದೆ. ಬಂದ ಪತ್ರಗಳಲ್ಲಿ ಸಿಟ್ಟಿನದ್ದು ಕಡಿಮೆ. ಕಾರಣ ಹೇಳಲಾಗದ ಅನುಮಾನ, ಕಾರಣ ಹೇಳಲಾಗದ ಇಷ್ಟ, ಇವುಗಳದ್ದೇ ಜಾಸ್ತಿ. ಕೆಲವನ್ನು ಇಲ್ಲಿ ತೆಗೆದುಕೊಂಡಿದ್ದೇನೆ. ಯಾರ ಗುರುತೂ ಸಿಗದ ಹಾಗೆ ಅಲ್ಲಲ್ಲಿ ವಿವರ ಬದಲಿಸಿದ್ದೇನೆ. ಮೊದಲ ಪತ್ರಕ್ಕೇ ಅರ್ಧ ಜಾಗ ಹೋಯಿತು. ಉಳಿದವರು ಬೇಸರ ಮಾಡಬೇಡಿ.

ಪ್ರಶ್ನೆ: ಮೇಡಂ, ನನಗೆ ಐವತ್ತೆರಡು ವರ್ಷ. ಅಪ್ಪ ಶುರು ಮಾಡಿದ ಹಾರ್ಡ್‌ವೇರ್ ಅಂಗಡಿ ಉಂಟು. ಇಬ್ಬರು ಹುಡುಗರು ಕೆಲಸಕ್ಕಿದ್ದಾರೆ. ಒಬ್ಬ ಹಳಬ. ಇನ್ನೊಬ್ಬ ಬಂದು ಒಂದು ವರ್ಷ ಆಯಿತು, ಬಿ.ಕಾಂ. ಓದಿದವನು, ಲೆಕ್ಕದಲ್ಲಿ ಚುರುಕು. ಇಷ್ಟರ ತನಕ ಒಂದು ರೂಪಾಯಿ ವ್ಯತ್ಯಾಸ ಬಂದದ್ದಿಲ್ಲ. ಆದರೂ ಅವನು ಕ್ಯಾಶಿನಲ್ಲಿ ಕೂತ ದಿನ ನಾನು ರಾತ್ರಿ ಎರಡು ಸಲ ಎಣಿಸುತ್ತೇನೆ. ಹಳಬ ಕೂತ ದಿನ ನೋಡುವುದೂ ಇಲ್ಲ. ಯಾಕೆಂದು ಹೆಂಡತಿ ಕೇಳಿದಳು. ‘ಅವನು ಮುಖ ಕೊಟ್ಟು ಮಾತಾಡುವುದಿಲ್ಲ’ ಎಂದೆ. ಮೊನ್ನೆ ಎರಡು ಸಾವಿರ ಕಡಿಮೆ ಬಂತು. ಗಿರಾಕಿಗಳ ಎದುರೇ ಅವನಿಗೆ ಬೈದೆ. ಮರುದಿನ ಗೊತ್ತಾಯಿತು, ಹಳಬ ಸಿಮೆಂಟ್ ಲಾರಿಯವನಿಗೆ ಬಾಡಿಗೆ ಕೊಟ್ಟು ಚೀಟಿ ಬರೆದಿಡಲು ಮರೆತದ್ದು. ಹುಡುಗ ಈಗ ತಿಂಗಳ ಕೊನೆಗೆ ಕೆಲಸ ಬಿಡುತ್ತೇನೆ ಎನ್ನುತ್ತಿದ್ದಾನೆ. ಅವನ ಮೇಲೆ ನನಗೆ ದ್ವೇಷ ಇಲ್ಲ ಮೇಡಂ. ಆದರೆ ಕೂದಲು ಹಿಂದಕ್ಕೆ ಬಾಚಿಕೊಂಡು, ಮೆಲ್ಲ ದನಿಯಲ್ಲಿ ‘ಆಯ್ತು ಸಾರ್’ ಎಂದರೆ ನನಗೆ ಒಳಗೊಳಗೇ ಏನೋ ಆಗುತ್ತದೆ. ಇದೆಂತ?
ವಿ.ಸೂ.: ಅಪ್ಪನಿಗೆ ಒಬ್ಬ ಪಾರ್ಟ್‌ನರ್ ಇದ್ದರು. ನಾನು ಹೈಸ್ಕೂಲಿನಲ್ಲಿರುವಾಗ ಮೋಸ ಮಾಡಿ ಹೋದರು. ಹಾಗಾಗಿ ನಾನು ವ್ಯಾಪಾರದಲ್ಲಿ ಹುಷಾರು.
– ಹೆಸರು ಬೇಡ, ಸುರತ್ಕಲ್

ಉತ್ತರ: ಮೊದಲು ಹುಡುಗನ ವಿಷಯ. ತಿಂಗಳ ಕೊನೆ ಹತ್ತಿರ ಬರುತ್ತಿದೆಯಲ್ಲ. ಬೈದದ್ದು ಗಿರಾಕಿಗಳ ಎದುರು. ಕ್ಷಮೆಯನ್ನೂ ಗಿರಾಕಿಗಳಿರುವಾಗಲೇ, ಅದೇ ಕೌಂಟರಿನ ಹತ್ತಿರ, ಹಳಬನ ಕಿವಿಗೂ ಬೀಳುವ ಹಾಗೆ ಕೇಳಿ. ಗೋಡೌನಿಗೆ ಕರೆದು, ಹೆಗಲ ಮೇಲೆ ಕೈ ಹಾಕಿ ‘ಬಿಡು ಮಾರಾಯ’ ಎಂದರೆ ಸಾಲದು. ಸಂಬಳಕ್ಕೆ ಐನೂರು ಸೇರಿಸಿದರೂ ಸಾಲದು. ‘ಹಣ ನೀನು ತೆಗೆದದ್ದಲ್ಲ. ವಿಚಾರಿಸದೆ ಬೈದದ್ದು ನನ್ನ ತಪ್ಪು.’ ಇಷ್ಟು ಹೇಳಿ ನಿಲ್ಲಿಸಿ. ‘ಆದರೆ’ ಎಂದು ಮುಂದುವರಿಸಬೇಡಿ. ಆಮೇಲೂ ಹೋಗುತ್ತೇನೆ ಎಂದರೆ ಹೋಗಲಿ, ಅನುಭವದ ಪತ್ರ ಚೆನ್ನಾಗಿ ಬರೆದುಕೊಡಿ.

ಇನ್ನು ನಿಮ್ಮ ‘ಇದೆಂತ’. ಹುಡುಗನ ಬಗ್ಗೆ ನೀವು ಒಂದೂವರೆ ಪುಟ ಬರೆದಿದ್ದೀರಿ. ಪಾರ್ಟ್‌ನರ್ ಬಗ್ಗೆ ಎರಡೇ ಗೆರೆ, ಅದೂ ಎಲ್ಲ ಮುಗಿದ ಮೇಲೆ. ಕಾಲೇಜಿನಲ್ಲಿ ನನ್ನ ಹತ್ತಿರ ಮಾತಾಡಲು ಬರುತ್ತಿದ್ದ ಮಕ್ಕಳೂ ಹಾಗೆಯೇ. ಕುರ್ಚಿಯಲ್ಲಿ ಕೂತಿರುವಾಗ ಇಂಟರ್ನಲ್ ಮಾರ್ಕ್ಸಿನ ಕಥೆ. ಎದ್ದು ಚಪ್ಪಲಿ ಹಾಕುವಾಗ ಅಸಲು ವಿಷಯ. ಅದಕ್ಕೇ ನಾನು ವಿ.ಸೂ.ಗಳನ್ನು ಮೊದಲು ಓದುತ್ತೇನೆ.

ಆ ಪಾರ್ಟ್‌ನರ್ ಕೂದಲು ಹೇಗೆ ಬಾಚುತ್ತಿದ್ದರು? ಮಾತು ಜೋರೋ, ಮೆಲ್ಲಗೋ? ನಿಮಗೆ ನೆನಪಿಲ್ಲದಿದ್ದರೆ ಅಂಗಡಿಯ ಹಳೇ ಫೋಟೋ ಇದ್ದರೆ ತೆಗೆಸಿ ನೋಡಿ. ಅಮ್ಮನೋ ಅಕ್ಕನೋ ಇದ್ದರೆ ಕೇಳಿ. ಪತ್ರ ಓದಿ ಭವಿಷ್ಯ ಹೇಳುವ ವಿದ್ಯೆ ನನಗಿಲ್ಲ. ಹೋಲಿಕೆ ಇರಬಹುದು, ಇಲ್ಲದಿರಬಹುದು. ಆದರೆ ಕೇಳಿ ನೋಡುವುದಕ್ಕೆ ಕಾರಣ ಉಂಟು.

1911ರಲ್ಲಿ ಜಿನೀವಾದ ಎದುವಾರ್ ಕ್ಲಾಪರೇದ್ ಎಂಬ ಡಾಕ್ಟರು ಒಂದು ಘಟನೆ ಬರೆದಿಟ್ಟರು. ಅವರ ಬಳಿ ಹೊಸ ನೆನಪು ನಿಲ್ಲದ ಒಬ್ಬ ಹೆಂಗಸು ಇದ್ದರು. ಡಾಕ್ಟರನ್ನು ಎಷ್ಟು ಸಲ ನೋಡಿದರೂ ಹೊಸಬರೇ. ಒಂದು ದಿನ ಈ ಡಾಕ್ಟರು ಬೆರಳ ಸಂದಿಯಲ್ಲಿ ಗುಂಡುಸೂಜಿ ಅಡಗಿಸಿ ಆಕೆಯ ಕೈ ಕುಲುಕಿದರು. ಚುಚ್ಚಿತು. ಆಕೆಗೆ ಅದೂ ಮರೆತುಹೋಯಿತು. ಆದರೆ ಮತ್ತೆ ಡಾಕ್ಟರು ಕೈ ಚಾಚಿದಾಗ ಆಕೆ ತನ್ನ ಕೈ ಎಳೆದುಕೊಂಡರು. ಯಾಕೆ ಎಂದರೆ ಗೊತ್ತಿಲ್ಲ. ಒತ್ತಾಯ ಮಾಡಿ ಕೇಳಿದ್ದಕ್ಕೆ, ಕೈ ಕೊಡದೇ ಇರುವ ಹಕ್ಕು ನನಗಿಲ್ಲವೇ ಎಂದರಂತೆ. (ಈಗ ಯಾರಾದರೂ ಹೀಗೆ ಸೂಜಿ ಚುಚ್ಚಿ ಪ್ರಯೋಗ ಮಾಡಿದರೆ ಕೆಲಸ ಹೋಗುತ್ತದೆ. ಹೋಗಬೇಕಾದದ್ದೇ.)

ಆ ಹೆಂಗಸಿಗೆ ಕಾಯಿಲೆ ಇತ್ತು, ನಮಗಿಲ್ಲ. ಆದರೆ ನಡೆದದ್ದರ ನೆನಪು ಮಾಸಿದರೂ ಅದು ತಂದ ಭಯ ಉಳಿಯುವುದು ನಮ್ಮಲ್ಲೂ ಉಂಟು. ಒಂದು ದನಿ, ಒಂದು ವಾಸನೆ, ಕೂದಲು ಬಾಚಿದ ರೀತಿ, ಇಷ್ಟು ಸಾಕು. ಕೈ ತಾನಾಗಿ ಹಿಂದೆ ಬರುತ್ತದೆ. ಆಮೇಲೆ ನಾವು ಕಾರಣ ಹುಡುಕುತ್ತೇವೆ.

ಆ ಕಾರಣದ ಬಗ್ಗೆ ನೀವು ಅಂಗಡಿಯವರಾದ್ದರಿಂದ ಇನ್ನೊಂದು ಕೇಳಿ. ಅಮೆರಿಕದಲ್ಲಿ ರಿಚರ್ಡ್ ನಿಸ್ಬೆಟ್, ತಿಮೋತಿ ವಿಲ್ಸನ್ ಎಂಬ ಇಬ್ಬರು ಮನಃಶಾಸ್ತ್ರಜ್ಞರು 1977ರಲ್ಲಿ ಇದನ್ನು ಪ್ರಕಟಿಸಿದರು. ಒಂದು ಅಂಗಡಿಯಲ್ಲಿ ಮೇಜಿನ ಮೇಲೆ ನಾಲ್ಕು ಜೊತೆ ನೈಲಾನ್ ಕಾಲುಚೀಲ ಸಾಲಾಗಿ ಇಟ್ಟು, ಯಾವುದರ ಗುಣಮಟ್ಟ ಚೆನ್ನಾಗಿದೆ ಎಂದು ಬಂದವರನ್ನು ಕೇಳಿದರು. ಎಡ ತುದಿಯದ್ದಕ್ಕಿಂತ ಬಲ ತುದಿಯದ್ದನ್ನು ಆರಿಸಿದವರು ಹೆಚ್ಚುಕಡಿಮೆ ನಾಲ್ಕು ಪಟ್ಟು. ಯಾಕೆ ಎಂದರೆ ನೇಯ್ಗೆ ಹೀಗೆ, ನುಣುಪು ಹಾಗೆ ಎಂದರು. ನಾಲ್ಕೂ ಒಂದೇ ಮಾಲು! ಇಟ್ಟ ಜಾಗದಿಂದ ಹಾಗಾಗಿರಬಹುದೇ ಎಂದು ಕೇಳಿದರೆ ಹೆಚ್ಚುಕಡಿಮೆ ಎಲ್ಲರೂ ಇಲ್ಲವೇ ಇಲ್ಲ ಎಂದರು. ಅವರು ಸುಳ್ಳು ಹೇಳಿದ್ದಲ್ಲ. ತಾವು ಹೇಳುತ್ತಿರುವುದೇ ಕಾರಣ ಎಂದು ನಂಬಿದ್ದರು.

ನಿಮ್ಮ ‘ಮುಖ ಕೊಟ್ಟು ಮಾತಾಡುವುದಿಲ್ಲ’ವನ್ನೂ ನಾನು ಹಾಗೆಯೇ ನೋಡುತ್ತೇನೆ. ಅದರಲ್ಲಿ ಇನ್ನೊಂದು ತೊಡಕೂ ಉಂಟು. ಆ ಮಾತು ಈಗ ನಿಜವೇ ಆಗಿರಬಹುದು. ಒಂದು ವರ್ಷದಿಂದ ತನ್ನ ಹಣ ಮಾತ್ರ ಎರಡೆರಡು ಸಲ ಎಣಿಸುವುದನ್ನು ನೋಡುತ್ತಿರುವ ಹುಡುಗ ಮುಖ ಕೊಟ್ಟು ಹೇಗೆ ಮಾತಾಡಿಯಾನು? 1974ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮೂವರು ಇದನ್ನೇ ಪರೀಕ್ಷೆ ಮಾಡಿದರು. ಬಿಳಿಯ ವಿದ್ಯಾರ್ಥಿಗಳು ಸಂದರ್ಶನ ಮಾಡುವಾಗ ಕಪ್ಪು ಅಭ್ಯರ್ಥಿ ಎದುರಿಗಿದ್ದರೆ ಸ್ವಲ್ಪ ದೂರ ಕೂತರು, ಮಾತಿನಲ್ಲಿ ತಡವರಿಸಿದರು, ಬೇಗ ಮುಗಿಸಿದರು. ತಾವು ಹಾಗೆ ಮಾಡಬೇಕೆಂದು ಹೊರಟವರಲ್ಲ. ಆಮೇಲೆ ತರಬೇತಿ ಪಡೆದವರು ಬಿಳಿಯ ಅಭ್ಯರ್ಥಿಗಳ ಜೊತೆಗೇ ಬೇಕೆಂದು ಅದೇ ದೂರದಲ್ಲಿ, ಅದೇ ತಡವರಿಕೆಯಲ್ಲಿ ಮಾತಾಡಿದರು. ಆಗ ಇವರ ಉತ್ತರವೂ ಕೆಟ್ಟಿತು, ಅಳುಕೂ ಕಂಡಿತು. ಅಂದರೆ ಎದುರಿಗಿರುವವನ ‘ಸ್ವಭಾವ’ ಎಂದು ನಾವು ಅಂದುಕೊಳ್ಳುವುದರಲ್ಲಿ ನಮ್ಮ ಕುರ್ಚಿ ಎಷ್ಟು ದೂರ ಇತ್ತು ಎಂಬುದೂ ಸೇರಿರುತ್ತದೆ.

ಹಾಗಾದರೆ ಮೋಸ ಹೋದ ಮನೆಯವರು ಹುಷಾರಾಗಿರಬಾರದೇ ಎಂದು ಕೇಳುತ್ತೀರಿ. ಇರಬೇಕು. ಆದರೆ ನಿಮ್ಮದು ಹುಷಾರು ಅಲ್ಲ. ಹುಷಾರಿನವನು ಎಲ್ಲರ ಲೆಕ್ಕ ನೋಡುತ್ತಾನೆ. ಹಳಬನ ಲೆಕ್ಕ ಇಷ್ಟು ವರ್ಷ ಸರಿ ಇತ್ತು ಎಂದು ನಿಮಗೆ ಹೇಗೆ ಗೊತ್ತು? ನೋಡಿಯೇ ಇಲ್ಲವಲ್ಲ. ಅವನು ಕದ್ದಿದ್ದಾನೆ ಎನ್ನುತ್ತಿಲ್ಲ. ಚೀಟಿ ಬರೆಯಲು ಮರೆಯುವ ಅಭ್ಯಾಸ ಅವನಿಗೆ ಮೊದಲಿನಿಂದಲೂ ಇದ್ದಿರಬಹುದು, ನಿಮ್ಮ ಕಣ್ಣಿಗೆ ಬೀಳಲಿಲ್ಲ ಅಷ್ಟೇ. ಒಬ್ಬನ ಪೆಟ್ಟಿಗೆ ಮಾತ್ರ ಹುಡುಕಿದರೆ ತಪ್ಪು ಸಿಗುವುದೂ ಅಲ್ಲಿ ಮಾತ್ರ.

ಈಗ ಮಾಡಬೇಕಾದ್ದು. ನಿಮ್ಮ ಮನಸ್ಸನ್ನು ಕೆದಕುತ್ತಾ ಕೂರಬೇಡಿ. ಕೆದಕಿದಷ್ಟೂ ‘ನನ್ನಲ್ಲಿ ಪಕ್ಷಪಾತ ಇಲ್ಲ’ ಎಂದೇ ಅನಿಸುತ್ತದೆ. ಎಮಿಲಿ ಪ್ರೋನಿನ್ ಮತ್ತು ಜೊತೆಗಾರರು 2002ರಲ್ಲಿ ಬರೆದದ್ದು ಅದನ್ನೇ: ಬೇರೆಯವರು ಪಕ್ಷಪಾತಿಗಳು, ನಾನು ಅಷ್ಟಿಲ್ಲ ಎಂದು ಜನ ಅಂದುಕೊಳ್ಳುತ್ತಾರೆ. ಮನಸ್ಸಿನ ಬದಲು ಅಂಗಡಿಯ ಪದ್ಧತಿ ಬದಲಿಸಿ. ಕ್ಯಾಶಿನಲ್ಲಿ ಯಾರೇ ಕೂರಲಿ, ನೀವೇ ಕೂತರೂ, ರಾತ್ರಿ ಒಂದೇ ಸಲ ಎಣಿಕೆ, ಇಬ್ಬರ ಸಹಿ. ಹೊರಗೆ ಹೋದ ಪ್ರತಿ ಹಣಕ್ಕೂ ವೋಚರ್, ಲಾರಿಯವನಾಗಲಿ, ಚಾ ತರುವವನಾಗಲಿ. ಇನ್ನೊಮ್ಮೆ ಕಡಿಮೆ ಬಂದರೆ ಬಾಯಲ್ಲಿ ಯಾರ ಹೆಸರೂ ಬರುವ ಮೊದಲು, ಆ ದಿನ ಗಲ್ಲಾಪೆಟ್ಟಿಗೆ ತೆರೆದವರು ಯಾರ್ಯಾರು ಎಂದು ಒಂದು ಚೀಟಿಯಲ್ಲಿ ಬರೆಯಿರಿ. ನಿಮ್ಮ ಹೆಸರೂ ಅದರಲ್ಲಿ ಇರಲಿ.

‘ಆಯ್ತು ಸಾರ್’ ಕೇಳಿದಾಗ ಒಳಗೆ ಆಗುವ ಆ ‘ಏನೋ’ ಬೇಗ ಹೋಗದು. ಹೋಗಲೇಬೇಕೆಂದೂ ಇಲ್ಲ. ಎಣಿಕೆಯ ಪುಸ್ತಕಕ್ಕೆ ಅದನ್ನು ಸೇರಿಸದಿದ್ದರೆ ಆಯಿತು.

ಪ್ರಶ್ನೆ: ಉಡುಪಿ ಕಡೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಅಕ್ಷರ ದುಂಡಗಿದ್ದರೆ, ಅದರಲ್ಲೂ ಕ್ಲಾಸಿನಲ್ಲಿ ಚುರುಕಾಗಿರುವ ಮಗುವಿನ ಹೆಸರು ಕಂಡರೆ ಅರ್ಧ ಅಂಕ ಜಾಸ್ತಿ ಬೀಳುತ್ತದೆಯೋ ಎಂದು ಸಂಶಯ. ಏನು ಮಾಡಲಿ?
– ಒಬ್ಬ ಟೀಚರ್

ಉತ್ತರ: ಸಂಶಯ ಬೇಡ ಟೀಚರ್, ಬೀಳುತ್ತದೆ. ಅಮೆರಿಕದ ಮನಃಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ಇದನ್ನು ಸೈನ್ಯದಲ್ಲಿ ಕಂಡಿದ್ದರು. ಅಧಿಕಾರಿಗಳು ತಮ್ಮ ಕೈಕೆಳಗಿನವರ ಮೈಕಟ್ಟು, ಬುದ್ಧಿ, ನಾಯಕತ್ವ, ನಡತೆ ಎಂದು ಬೇರೆ ಬೇರೆ ಅಂಕ ಕೊಡಬೇಕಿತ್ತು. ಒಂದರಲ್ಲಿ ಜಾಸ್ತಿ ಪಡೆದವನಿಗೆ ಎಲ್ಲದರಲ್ಲೂ ಜಾಸ್ತಿ ಬಿದ್ದಿತ್ತು.

ಮಾಡಬಹುದಾದ್ದು ಸರಳ. ಹೆಸರಿರುವ ಮೊದಲ ಹಾಳೆಯನ್ನು ಹಿಂದಕ್ಕೆ ಮಡಚಿ ಕ್ಲಿಪ್ ಹಾಕಿ. ಒಬ್ಬರ ಪೂರ್ತಿ ಪೇಪರ್ ತಿದ್ದಬೇಡಿ. ಎಲ್ಲರ ಮೊದಲ ಉತ್ತರ ಮುಗಿಸಿ, ಆಮೇಲೆ ಎಲ್ಲರ ಎರಡನೆಯದ್ದು. ಅಂಕ ಹಿಂಬದಿಯ ಪುಟದಲ್ಲಿ ಬರೆಯಿರಿ, ಮುಂದಿನ ಉತ್ತರ ಓದುವಾಗ ಕಣ್ಣಿಗೆ ಬೀಳಬಾರದು. 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮನಃಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಮೇಷ್ಟ್ರಾಗಿದ್ದಾಗ ಹೀಗೆಯೇ ತಿದ್ದಲು ಶುರು ಮಾಡಿದರು. ಶುರು ಮಾಡಿದ ಮೇಲೆ ಅವರಿಗೆ ನೆಮ್ಮದಿ ಹೋಯಿತು. ಒಂದೇ ಹುಡುಗನಿಗೆ ಒಂದು ಉತ್ತರಕ್ಕೆ ಜಾಸ್ತಿ, ಇನ್ನೊಂದಕ್ಕೆ ಕಡಿಮೆ ಕೊಟ್ಟದ್ದು ಕಂಡು ತಮ್ಮ ಅಂಕದ ಮೇಲೆ ಮೊದಲಿದ್ದ ಭರವಸೆ ಕುಸಿಯಿತು. ನಿಮಗೂ ಹಾಗಾಗುತ್ತದೆ. ಮೊದಲಿದ್ದ ಭರವಸೆಯೇ ಸುಳ್ಳು, ಆದ್ದರಿಂದ ಹಳೇ ಕ್ರಮಕ್ಕೆ ಹಿಂದಿರುಗಬೇಡಿ. ಹೊತ್ತು ಜಾಸ್ತಿ ಹಿಡಿಯುತ್ತದೆ, ಅದೊಂದು ಕಷ್ಟ ಉಂಟು.

ಪ್ರಶ್ನೆ: ಕದ್ರಿಯಲ್ಲಿ ನಮ್ಮ ಮನೆಯ ಮಹಡಿ ಬಾಡಿಗೆಗೆ ಕೊಡುತ್ತೇವೆ. ನಮ್ಮವರಿಗೆ ಮಾತ್ರ. ಊಟ, ಆಚಾರ ಹೊಂದಬೇಕಲ್ಲ. ಇದು ನಿನ್ನ ಒಳಮನಸ್ಸಿನ ಪೂರ್ವಗ್ರಹ ಎಂದು ಮಗಳು ಜಗಳ ಮಾಡುತ್ತಾಳೆ. ಒಳಮನಸ್ಸಿನದ್ದಾದರೆ ನನ್ನ ತಪ್ಪೇನು?
– ಗೃಹಿಣಿ, ಮಂಗಳೂರು

ಉತ್ತರ: ನಿಮ್ಮ ಮಗಳು ನಿಮಗೆ ತುಂಬಾ ರಿಯಾಯಿತಿ ಕೊಟ್ಟಿದ್ದಾಳೆ. ಫೋನ್ ಮಾಡಿದವರ ಹೆಸರು ಕೇಳಿ ‘ಮನೆ ಕೊಟ್ಟಾಯಿತು’ ಎನ್ನುವುದು ಒಳಮನಸ್ಸಿನ ಕೆಲಸ ಅಲ್ಲ. ಎಚ್ಚರವಾಗಿರುವ ಮನಸ್ಸು, ಎಚ್ಚರವಾಗಿರುವ ಬಾಯಿ. ನಿಮಗೆ ಗೊತ್ತಿದ್ದೇ ಮಾಡುತ್ತಿದ್ದೀರಿ.

ಒಳಮನಸ್ಸಿನದ್ದು ಬೇರೆ ರೀತಿ. ಕಂಡು ಕಂಡು ಪರಿಚಯವಾದದ್ದು ಇಷ್ಟವಾಗುತ್ತದೆ. ರಾಬರ್ಟ್ ಝಾಯಂಟ್ಸ್ 1968ರಲ್ಲಿ ಇದನ್ನು ಅರ್ಥವಿಲ್ಲದ ಪದ, ಮುಖಗಳ ಫೋಟೋ ಇಟ್ಟು ತೋರಿಸಿದರು. ಜಾಸ್ತಿ ಸಲ ಕಂಡದ್ದು ಜಾಸ್ತಿ ಚಂದ ಎನಿಸಿತು. ನಾನೂ ಬಿಜೈ ಮಾರ್ಕೆಟಿನಲ್ಲಿ ಒಬ್ಬರ ಹತ್ತಿರವೇ ಬಂಗುಡೆ ತೆಗೆದುಕೊಳ್ಳುವುದು. ಪಕ್ಕದವರದ್ದೂ ಅದೇ ದಕ್ಕೆಯಿಂದಲೇ (ಮೀನಿನ ಬಂದರಿನಿಂದಲೇ) ಬಂದದ್ದು ಎಂದು ನನಗೂ ಗೊತ್ತು. ಮೀನಿನಲ್ಲಿ ಈ ಪಕ್ಷಪಾತ ನಡೆಯುತ್ತದೆ. ತಲೆಯ ಮೇಲೊಂದು ಸೂರು ಬೇಕಾದವರ ವಿಷಯದಲ್ಲಿ ನಡೆಯಬಾರದು.

ಬೇರೆಯವರ ಜೊತೆ ಒಡನಾಟ ಇದ್ದರೆ ಪೂರ್ವಗ್ರಹ ಕಡಿಮೆಯಾಗುತ್ತದೆ ಎಂದು ಗೋರ್ಡನ್ ಆಲ್‌ಪೋರ್ಟ್ 1954ರಲ್ಲಿ ಬರೆದರು. ಸುಮ್ನೆ ಹತ್ತಿರ ಇದ್ದರೆ ಆಗದು, ಸರಿಸಮಾನರಾಗಿ ಸೇರಿ ಒಂದು ಕೆಲಸ ಮಾಡಬೇಕು ಎಂದೂ ಹೇಳಿದರು. ತುಳು, ಕೊಂಕಣಿ, ಬ್ಯಾರಿ ಮೂರನ್ನೂ ಒಂದೇ ಅಂಗಡಿಕಟ್ಟೆಯಲ್ಲಿ ಮಾತಾಡುವ ಊರು ನಮ್ಮದು. ಆದರೂ ಮನೆ ಕೊಡುವಾಗ ನಾಲಿಗೆ ತಿರುಗುವುದಿಲ್ಲ. ಬಾಡಿಗೆ ಸರಿಯಾಗಿ ಕೊಡುತ್ತಾರೋ, ಹಳೇ ಮನೆಯ ಓನರ್ ಏನು ಹೇಳುತ್ತಾರೆ, ಎಷ್ಟು ಜನ, ಎಷ್ಟು ವಾಹನ. ಇವನ್ನು ಒಂದು ಹಾಳೆಯಲ್ಲಿ ಬರೆದು ಬಂದ ಎಲ್ಲರಿಗೂ ಕೇಳಿ. ಹೆಸರು ಕೊನೆಗೆ ಕೇಳಿ.

ಪ್ರಶ್ನೆ: ಗಂಡ ತಡವಾಗಿ ಬಂದರೆ ‘ನಂತೂರಿನಲ್ಲಿ ಬ್ಲಾಕ್’. ನಾನು ತಡವಾಗಿ ಬಂದರೆ ‘ನಿನಗೆ ಟೈಮ್ ಸೆನ್ಸ್ ಇಲ್ಲ’. ಇಬ್ಬರೂ ಬರುವುದು ಒಂದೇ ನಂತೂರಿನಲ್ಲಿ!
– ಕೆಲಸಕ್ಕೆ ಹೋಗುವವಳು, ಕಂಕನಾಡಿ

ಉತ್ತರ: ನಿಮ್ಮ ಗಂಡನ ಈ ಚಟಕ್ಕೆ ಪುಸ್ತಕದಲ್ಲಿ ಜಾಗ ಉಂಟು. ಬೇರೆಯವರು ಮಾಡಿದ್ದಕ್ಕೆ ಅವರ ಗುಣ ಕಾರಣ ಎನ್ನುವುದು, ಅವರ ಪರಿಸ್ಥಿತಿ ಮರೆಯುವುದು. ಲೀ ರಾಸ್ 1977ರಲ್ಲಿ ಇದನ್ನು ಮನುಷ್ಯರ ಮೂಲಭೂತ ತಪ್ಪು ಎಂದೇ ಕರೆದರು. ನಮ್ಮ ವಿಷಯ ಬಂದಾಗ ಬ್ಲಾಕ್ ಕಾಣುತ್ತದೆ, ಯಾಕೆಂದರೆ ಸ್ಟಿಯರಿಂಗ್ ಹಿಡಿದು ಕೂತವರು ನಾವು. ಇನ್ನೊಬ್ಬರ ವಿಷಯದಲ್ಲಿ ಕಾಣುವುದು ಬಾಗಿಲಲ್ಲಿ ನಿಂತ ಅವರ ಮುಖ ಮಾತ್ರ.

ಈ ಕಟಿಂಗನ್ನು ಫ್ರಿಜ್ಜಿಗೆ ಅಂಟಿಸಬೇಡಿ, ಜಗಳ ಆಗುತ್ತದೆ. ಒಂದು ವಾರ ಗಂಡನೇ ನಿಮ್ಮ ಹೊತ್ತಿಗೆ ನಿಮ್ಮನ್ನು ಆಫೀಸಿನಿಂದ ಕರೆದುಕೊಂಡು ಬರಲಿ. ನೀವು ಹಿಂದೆ ಕೂತು ಮಾತಾಡಬೇಡಿ. ಇನ್ನೊಂದು ಮಾತು, ಅತ್ತೆ ಊಟಕ್ಕೆ ತಡ ಮಾಡಿದಾಗ ನೀವು ಏನು ಅಂದುಕೊಳ್ಳುತ್ತೀರಿ?

ಪ್ರಶ್ನೆ: ನಮ್ಮ ಒಳಗಿನ ಪಕ್ಷಪಾತ ಅಳೆಯುವ ಕಂಪ್ಯೂಟರ್ ಪರೀಕ್ಷೆ ಇದೆಯಂತೆ. ಮಾಡಿ ನೋಡಬಹುದೇ?
– ವಿದ್ಯಾರ್ಥಿ, ಕೊಣಾಜೆ

ಉತ್ತರ: ಮಾಡಿ. ಆಂಟನಿ ಗ್ರೀನ್‌ವಾಲ್ಡ್ ಮತ್ತು ಜೊತೆಗಾರರು 1998ರಲ್ಲಿ ಪ್ರಕಟಿಸಿದ್ದು. ಪದ, ಚಿತ್ರಗಳನ್ನು ಎಷ್ಟು ಬೇಗ ಜೋಡಿಸುತ್ತೀರಿ ಎಂದು ನೋಡುತ್ತದೆ. ಆದರೆ ಬಂದ ಫಲಿತಾಂಶವನ್ನು ರಕ್ತ ಪರೀಕ್ಷೆಯ ವರದಿ ಎಂದು ತಿಳಿಯಬೇಡಿ. ಅದೇ ವ್ಯಕ್ತಿ ಇನ್ನೊಂದು ದಿನ ಕೂತರೆ ಅಂಕ ಬೇರೆ ಬರಬಹುದು. ನೀವು ನಾಳೆ ಹೇಗೆ ನಡೆದುಕೊಳ್ಳುತ್ತೀರಿ ಎಂದು ಅದು ಸರಿಯಾಗಿ ಹೇಳಲಾರದು.

ಪ್ರಶ್ನೆ: ಆಫೀಸಿನವರೆಲ್ಲ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿದ್ದೆವು. ವಾಪಸು ಬರುವಾಗ ಕಡಲು ಜೋರಾಗಿತ್ತು, ದೋಣಿ ಸಿಕ್ಕಾಪಟ್ಟೆ ಕುಲುಕಿತು. ನನಗೆ ಈಜು ಬರುವುದಿಲ್ಲ. ಪಕ್ಕದಲ್ಲಿ ಕೂತಿದ್ದ ಸಹೋದ್ಯೋಗಿ ಧೈರ್ಯ ಹೇಳಿದರು. ಅವತ್ತಿನಿಂದ ಅವರೇ ನನ್ನ ಬಾಳಸಂಗಾತಿ ಎಂದು ಅನಿಸುತ್ತಿದೆ. ಮೊದಲು ಒಂದು ವರ್ಷ ಏನೂ ಅನಿಸಿರಲಿಲ್ಲ. ಮನೆಯಲ್ಲಿ ಹೇಳಲೇ?
– ಇಪ್ಪತ್ತಾರರ ಯುವತಿ, ಮಣಿಪಾಲ

ಉತ್ತರ: ಸ್ವಲ್ಪ ತಡೆಯಿರಿ ಮಾರಾಯ್ತಿ. ಕೆನಡಾದ ವ್ಯಾಂಕೂವರ್ ಹತ್ತಿರ ಕ್ಯಾಪಿಲಾನೋ ಎಂಬ ತೂಗುಸೇತುವೆ ಇದೆ. ಸುಮಾರು 70 ಮೀಟರ್ ಕೆಳಗೆ ನದಿ. 1974ರಲ್ಲಿ ಡಟನ್ ಮತ್ತು ಆರನ್ ಎಂಬ ಇಬ್ಬರು ಸಂಶೋಧಕರು ಅಲ್ಲಿ ಗಂಡಸರನ್ನು ಒಬ್ಬ ಯುವತಿಯಿಂದ ಮಾತಾಡಿಸಿದರು. ಬೇಕಾದರೆ ಆಮೇಲೆ ವಿಚಾರಿಸಿ ಎಂದು ಆಕೆ ಫೋನ್ ನಂಬರ್ ಕೊಟ್ಟಳು. ಅಲುಗಾಡದ ಗಟ್ಟಿ ಸೇತುವೆಯ ಮೇಲೆ ಸಿಕ್ಕವರಿಗಿಂತ ತೂಗುಸೇತುವೆಯ ಮೇಲೆ ಸಿಕ್ಕವರೇ ಜಾಸ್ತಿ ಫೋನ್ ಮಾಡಿದರು. ಭಯಕ್ಕೆ ಎದೆ ಹೊಡೆದುಕೊಂಡದ್ದನ್ನು ಅವರು ಹುಡುಗಿಯ ಲೆಕ್ಕಕ್ಕೆ ಬರೆದುಕೊಂಡರು ಎಂಬುದು ಸಂಶೋಧಕರ ವಿವರಣೆ. ಹಾಗಲ್ಲ, ಹೆದರಿದವರಿಗೆ ಪಕ್ಕದಲ್ಲಿ ಒಬ್ಬರು ಇದ್ದರೆ ಸಮಾಧಾನ, ಅದಕ್ಕೇ ಇಷ್ಟವಾಯಿತು ಎಂದು ವಾದಿಸಿದವರೂ ಇದ್ದಾರೆ. ಎರಡೂ ನಿಮ್ಮ ದೋಣಿಗೆ ಹೊಂದುತ್ತದೆ.

ಆ ಹುಡುಗ ಒಳ್ಳೆಯವನಲ್ಲ ಎಂದು ಇದರ ಅರ್ಥ ಅಲ್ಲ. ದೋಣಿಯಲ್ಲಿ ಧೈರ್ಯ ಹೇಳಿದ್ದು ಒಳ್ಳೆಯ ಗುಣವೇ. ಆದರೆ ಮದುವೆಯಾದ ಮೇಲೆ ಕಡಲು ದಿನವೂ ಜೋರಾಗಿರುವುದಿಲ್ಲ. ಹೇಗೂ ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿ ಬಿಡುವುದಿಲ್ಲ. ಆ ತಿಂಗಳುಗಳಲ್ಲಿ ಬೋರು ಹೊಡೆಸುವ ಕೆಲಸಗಳಿಗೆ ಅವರ ಜೊತೆ ಹೋಗಿ. ಆರ್‌ಟಿಓ ಕಚೇರಿಯ ಸಾಲು, ಗ್ಯಾರೇಜಿನ ಬೆಂಚು, ಯಾವುದಾದರೂ ದೂರದ ಸಂಬಂಧಿಕರ ಉಪನಯನ. ಕರೆಂಟು ಹೋದಾಗ, ಹೋಟೆಲಿನವನು ಆರ್ಡರ್ ತಪ್ಪು ತಂದಾಗ ಅವರು ಹೇಗೆ ಮಾತಾಡುತ್ತಾರೆ ನೋಡಿ. ಆಗಲೂ ಹೀಗೇ ಅನಿಸಿದರೆ ದೀಪಾವಳಿಗೆ ಮನೆಯಲ್ಲಿ ಹೇಳಬಹುದು. ಮತ್ತೆ, ಅವರಿಗೂ ಏನಾದರೂ ಅನಿಸಿದೆಯೇ ಎಂದು ನೀವು ಬರೆದಿಲ್ಲ. ಅದನ್ನು ಮೊದಲು ಕೇಳಿ.